ಕಾಣೆಯಾದ ಅಣ್ಣನಿಗೆ ಅಪರಕರ್ಮ ಮಾಡಬಹುದೇ?

ಪ್ರಶ್ನೆ: ನನ್ನ ಅಣ್ಣನಿಗೆ ಈಗ 31 ವರ್ಷ. ಹುಟ್ಟಿನಿಂದಲೇ ಆಟಿಸಂ ಇದೆ. ಮಾತು ಬಹಳ ಕಡಿಮೆ. ಹೆಸರು ಕೇಳಿದರೆ ಹೇಳುವುದಿಲ್ಲ. ರೈಲು ಅಂದರೆ ಪ್ರಾಣ, ಸ್ಟೇಷನ್ನಿನಲ್ಲಿ ಕೂಗುವ ಪ್ರಕಟಣೆಗಳನ್ನು ಹಾಗೆಹಾಗೇ ಒಪ್ಪಿಸುತ್ತಾನೆ. ಕಳೆದ ದೀಪಾವಳಿಗೆ ಹಿಂದಿನ ದೀಪಾವಳಿಯ ರಾತ್ರಿ ಪಟಾಕಿ ಸದ್ದಿಗೆ ಕಿವಿ ಮುಚ್ಚಿಕೊಂಡು ಮನೆಯಿಂದ ಓಡಿದವನು ಮತ್ತೆ ಬಂದಿಲ್ಲ. 14 ತಿಂಗಳಾಯಿತು. ಪೊಲೀಸಿಗೆ ದೂರು ಕೊಟ್ಟಿದ್ದೇವೆ. ಒಬ್ಬ ಜ್ಯೋತಿಷಿಗಳು ಉತ್ತರ ದಿಕ್ಕಿನಲ್ಲಿ ಬದುಕಿದ್ದಾನೆ ಅಂದರು, ಇನ್ನೊಬ್ಬರು ಇಲ್ಲ ಅಂದರು, ಮತ್ತೊಬ್ಬರು 48 ದಿನದ ಪೂಜೆಗೆ 60,000 ರೂಪಾಯಿ ಕೇಳಿದ್ದಾರೆ. ಅಮ್ಮ ದಿನಾ ರಾತ್ರಿ ಅವನ ತಟ್ಟೆ ಇಟ್ಟು ಬಡಿಸಿ ಕಾಯುತ್ತಾರೆ. ನನಗೆ ಗಂಡು ಗೊತ್ತಾಗಿದೆ. ಗಂಡಿನ ಕಡೆಯವರು "ಆ ಮನೇಲಿ ಒಂದು ತೀರ್ಮಾನ ಆಗಲಿ, ಆಮೇಲೆ ಮುಹೂರ್ತ ನೋಡೋಣ" ಅನ್ನುತ್ತಿದ್ದಾರೆ. ದೊಡ್ಡಪ್ಪ "ಪಲಾಶವಿಧಿ ಮಾಡಿ ಮುಗಿಸಿಬಿಡಿ, ಪೂರ್ವಜನ್ಮದ ಕರ್ಮ ಕಳೀತು ಅಂದ್ಕೊಳ್ಳಿ" ಅನ್ನುತ್ತಾರೆ. ಅಪ್ಪ ಒಂದು ದಿನ "ಹೋಗಿದ್ದರೆ ಅವನಿಗೂ ಒಳ್ಳೇದೇ" ಅಂದರು. ನನ್ನ ಮದುವೆಗೋಸ್ಕರ ಅಣ್ಣನನ್ನು ಸತ್ತವರ ಲೆಕ್ಕಕ್ಕೆ ಸೇರಿಸಬೇಕೇ? ಇನ್ನೂ ಹುಡುಕುತ್ತಿರುವುದು ದೈವೇಚ್ಛೆಯನ್ನು ಒಪ್ಪದ ಹಠವೇ? ದಯವಿಟ್ಟು ತಿಳಿಸಿ.

ಉತ್ತರ: ಪತ್ರ ಬರೆದ ತಾಯಿ ಅರಸೀಕೆರೆ ಸೀಮೆಯವರು. ಹೆಸರು ಊರು ಬಿಟ್ಟಿದ್ದೇನೆ. ಸಾಮಾನ್ಯವಾಗಿ ಈ ಅಂಕಣದಲ್ಲಿ ನಾಲ್ಕೈದು ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಈ ಸಲ ಇದೊಂದೇ. ಮಿಕ್ಕವರು ಮುಂದಿನ ತಿಂಗಳವರೆಗೆ ತಾಳ್ಮೆಯಿಂದ ಇರಬೇಕು.

ತಾಯಿ, ಮೊದಲು ನೀವು ಕೇಳಿದ ಎರಡಕ್ಕೆ ನೇರ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಅಣ್ಣನಿಗೆ ಈಗ ಅಪರಕರ್ಮ ಮಾಡುವ ಹಾಗಿಲ್ಲ. ನಿಮ್ಮ ಮದುವೆಗೆ ಯಾವ ಅಡ್ಡಿಯೂ ಇಲ್ಲ. ಈ ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳು. ಅವನ್ನು ಗಂಟು ಹಾಕಿದ್ದು ನೆಂಟರೇ ಹೊರತು ಶಾಸ್ತ್ರವಲ್ಲ.

ಏಕೆ ಅಂತ ಕೇಳಿ. ಅಶೌಚ ಅನ್ನುವುದು ಮರಣದಿಂದ ಬರುತ್ತದೆ. ದೂರದ ಊರಿನಲ್ಲಿ ಯಾರಾದರೂ ತೀರಿಕೊಂಡರೆ, ಸುದ್ದಿ ಕಿವಿಗೆ ಬಿದ್ದ ಮೇಲೆ ಸ್ನಾನ, ಸುದ್ದಿ ಬಿದ್ದ ಮೇಲೆ ಸೂತಕ. ನಿಮ್ಮ ಮನೆಗೆ ಅಂಥ ಸುದ್ದಿಯೇ ಬಂದಿಲ್ಲ. ಬಾರದ ಸುದ್ದಿಗೆ ಸೂತಕ ಎಲ್ಲಿಯದು? ಸೂತಕವಿಲ್ಲದ ಮನೆಯಲ್ಲಿ ನಾಂದಿ ಇಟ್ಟು ಮದುವೆ ಮಾಡಲು ಏನು ತೊಂದರೆ? ಗಂಡಿನ ಮನೆಯವರಿಗೆ ಈ ಪುಟವನ್ನೇ ತೋರಿಸಿ. ಅವರ ಕಡೆಯ ಪುರೋಹಿತರಿಗೆ ಸಂಶಯವಿದ್ದರೆ ಪತ್ರಿಕೆಯ ವಿಳಾಸಕ್ಕೆ ನನಗೇ ಬರೆಯಲಿ, ನಾನು ಮಾತಾಡುತ್ತೇನೆ.

ಇನ್ನು ಪಲಾಶವಿಧಿ. ದೇಹ ಸಿಗದವರಿಗೆ, ಸುದ್ದಿಯೇ ಇಲ್ಲದೆ ಹೋದವರಿಗೆ, ಮುತ್ತುಗದ 360 ತೊಟ್ಟುಗಳಲ್ಲಿ ಪ್ರತಿಕೃತಿ ಮಾಡಿ ದಹನ ಮಾಡುವ ವಿಧಿ ಇದೆ, ನಿಜ. ಆದರೆ ಅದಕ್ಕೆ ಕಾಲ ಹೇಳಿದೆ. ನಿರ್ಣಯಸಿಂಧು, ಧರ್ಮಸಿಂಧು ಮೊದಲಾದ ನಿಬಂಧ ಗ್ರಂಥಗಳನ್ನು ನೋಡಿದರೆ, ಸುದ್ದಿ ಇಲ್ಲದವನಿಗೆ 12 ವರ್ಷ ಕಾಯಬೇಕು ಎನ್ನುವುದು ಸಾಮಾನ್ಯ ಮತ. ವಯಸ್ಸು ನೋಡಿ 15, 20 ವರ್ಷ ಎನ್ನುವ ಮತವೂ ಉಂಟು, ಹೋದವನು ಪ್ರಾಯದವನಾದಷ್ಟೂ ಕಾಯುವ ಕಾಲ ಹೆಚ್ಚು. 14 ತಿಂಗಳಿಗೆ ಮಾಡಿ ಅಂತ ಯಾವ ಗ್ರಂಥವೂ ಹೇಳಿಲ್ಲ. ಸರ್ಕಾರದ ಕಾನೂನು ಕೂಡ 7 ವರ್ಷ ಸುಳಿವಿಲ್ಲದ ಮೇಲೆ ಮಾತ್ರ ಸತ್ತಿರಬಹುದೆಂದು ಊಹಿಸಲು ಒಪ್ಪುತ್ತದೆ. ಹಿಂದಿನ 1872ರ ಸಾಕ್ಷ್ಯ ಕಾಯ್ದೆಯಲ್ಲೂ ಅದೇ ಇತ್ತು, ಈಗಿನ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದೇ ಇದೆ. ನಮ್ಮ ಶಾಸ್ತ್ರ ಕಾನೂನಿಗಿಂತ ಇನ್ನೂ 5 ವರ್ಷ ಹೆಚ್ಚಿಗೆ ಕಾಯುತ್ತದೆ ನೋಡಿ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಅಷ್ಟು ವರ್ಷ ಕಾದು ಪ್ರತಿಕೃತಿ ದಹನ ಮಾಡಿದ ಮೇಲೂ ಅವನು ಜೀವಂತವಾಗಿ ಬಾಗಿಲಿಗೆ ಬಂದು ನಿಂತರೆ ಏನು ಮಾಡಬೇಕು ಅಂತಲೂ ಹಿರಿಯರು ಬರೆದಿಟ್ಟಿದ್ದಾರೆ. ಅವನನ್ನು ತುಪ್ಪದಲ್ಲಿ ಮೀಯಿಸಿ, ಈಗ ತಾನೇ ಹುಟ್ಟಿದ ಮಗುವಿನಂತೆ ಜಾತಕರ್ಮದಿಂದ ಹಿಡಿದು ಸಂಸ್ಕಾರಗಳನ್ನು ಮತ್ತೆ ಮಾಡಿ, ಮನೆಗೆ ಸೇರಿಸಿಕೊಳ್ಳಬೇಕು. ಮದುವೆಯಾದವನಾದರೆ ಅದೇ ಹೆಂಡತಿಯೊಡನೆ ಮತ್ತೆ ಮದುವೆ. ಅಂದರೆ ಚಿತೆಗೆ ಬೆಂಕಿ ಇಟ್ಟ ಮೇಲೂ ಶಾಸ್ತ್ರ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಹಾಗಿರುವಾಗ 14 ತಿಂಗಳಿಗೇ ಅಗುಳಿ ಹಾಕಲು ನಾವು ಯಾರು?

ಇಷ್ಟು ವಿಧಿಯ ಮಾತು. ಇನ್ನು ಧರ್ಮದ ಮಾತು. ಇದು ಸ್ವಲ್ಪ ಕಹಿ.

ನಿಮ್ಮ ದೊಡ್ಡಪ್ಪನವರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ, ಕೋಪ ಮಾಡಿಕೊಳ್ಳಬಾರದು. ಕಾಣೆಯಾದವನು ಬ್ಯಾಂಕಿನಲ್ಲಿ ಕೆಲಸ ಮಾಡುವ, ತಿಂಗಳಿಗೆ ಸಂಬಳ ತರುವ, ಹೆಂಡತಿ ಮಕ್ಕಳಿರುವ ಮಗನಾಗಿದ್ದರೆ 14 ತಿಂಗಳಿಗೆ "ಮುಗಿಸಿಬಿಡಿ" ಅನ್ನುತ್ತಿದ್ದಿರಾ? ಅನ್ನುತ್ತಿರಲಿಲ್ಲ. ದೆಹಲಿವರೆಗೂ ಜನ ಕಳಿಸುತ್ತಿದ್ದಿರಿ. ಹಾಗಾದರೆ ಈ ಅವಸರ ಶಾಸ್ತ್ರದ್ದಲ್ಲ. ಅವನು ಮನೆಯಲ್ಲಿದ್ದಾಗಲೇ ಅವನನ್ನು ಪೂರ್ತಿ ಒಬ್ಬ ಮನುಷ್ಯ ಅಂತ ಎಣಿಸದೇ ಇದ್ದೆವಲ್ಲ, ಅದರದ್ದೇ ಮುಂದಿನ ಭಾಗ ಇದು. ಮದುವೆ ಮನೆಗಳಲ್ಲಿ "ಅವನನ್ನು ಒಳಗಿನ ರೂಮಿನಲ್ಲಿ ಕೂರಿಸಿ" ಅಂದವರೇ ಈಗ "ಪ್ರತಿಕೃತಿ ಮಾಡಿ" ಅನ್ನುತ್ತಿದ್ದಾರೆ. ನಿಮ್ಮ ಮನೆಯೊಂದರ ಮಾತಲ್ಲ ಇದು, ನನ್ನ 40 ವರ್ಷದ ಪೌರೋಹಿತ್ಯದಲ್ಲಿ ಎಷ್ಟೋ ಮನೆಗಳಲ್ಲಿ ಕಂಡದ್ದು.

ನಾನು ಪಾಠಶಾಲೆಯಲ್ಲಿದ್ದಾಗ ಬೆಳಗಿನ ಜಾವ ಹೊಳೆಗೆ ಸ್ನಾನಕ್ಕೆ ಹೋಗುತ್ತಿದ್ದೆವು. ಹೋಗುವಾಗ ಬರುವಾಗ ಗುರುಗಳು ತಲೆ ಎಣಿಸುತ್ತಿದ್ದರು. ನಮ್ಮ ಜೊತೆ ಒಬ್ಬ ಹುಡುಗನಿದ್ದ, ಅವನಿಗೆ ಮೂರು ವರ್ಷವಾದರೂ ಸಂಧ್ಯಾವಂದನೆ ಪೂರ್ತಿ ಬರಲಿಲ್ಲ. ಒಂದು ದಿನ ಎಣಿಕೆಗೆ ಒಂದು ಕಡಿಮೆ ಬಂತು. ಯಾರೋ "ಅವನು ತಾನೆ, ಬರ್ತಾನೆ ಬಿಡಿ" ಅಂದರು. ಗುರುಗಳು ಒದ್ದೆ ಪಂಚೆಯಲ್ಲೇ ನಮ್ಮನ್ನೆಲ್ಲ ವಾಪಸು ಹೊರಡಿಸಿ ಹುಡುಕಿಸಿದರು. ಹೊಂಗೆಮರದ ಕೆಳಗೆ ಇರುವೆ ಸಾಲು ನೋಡುತ್ತ ಕೂತಿದ್ದ. ಅವತ್ತು ಗುರುಗಳು ಹೇಳಿದ್ದು ಇಷ್ಟೇ: "ಮಂತ್ರ ಬರುತ್ತೋ ಬಿಡುತ್ತೋ, ಎಣಿಕೆಗೆ ಬರ್ತಾನೆ." ವೇದಪಾಠದಲ್ಲಿ ಎಷ್ಟೋ ಮರೆತಿದ್ದೇನೆ, ಈ ಮಾತು ಮರೆತಿಲ್ಲ.

ಭಾಗವತದ ಐದನೇ ಸ್ಕಂಧದಲ್ಲಿ ಜಡಭರತನ ಕಥೆ ಬರುತ್ತದೆ, ನೀವು ಕೇಳಿರುತ್ತೀರಿ. ತಂದೆ ಎಷ್ಟು ಹೇಳಿಕೊಟ್ಟರೂ ಗಾಯತ್ರಿ ಬರಲಿಲ್ಲ. ತಂದೆ ಹೋದ ಮೇಲೆ ಅಣ್ಣಂದಿರು ದಡ್ಡ ಅಂತ ತೀರ್ಮಾನಿಸಿ ಹೊಲ ಕಾಯಲು ಬಿಟ್ಟರು, ಹಳಸಿದ್ದು ಸೀದದ್ದು ಹಾಕಿದರು. ಒಂದು ರಾತ್ರಿ ಕಳ್ಳರ ಒಡೆಯನ ಆಳುಗಳು ಭದ್ರಕಾಳಿಗೆ ಬಲಿ ಕೊಡಲು ಅವನನ್ನು ಹೊಲದಿಂದಲೇ ಹಿಡಿದುಕೊಂಡು ಹೋದರು. ದೇವಿಯೇ ಕಾಪಾಡಿದಳು. ಮುಂದೆ ರಹೂಗಣ ರಾಜನ ಪಲ್ಲಕ್ಕಿ ಹೊತ್ತು, ಅವನಿಗೇ ತತ್ತ್ವ ಹೇಳಿದ. ಹರಿಕಥೆಯಲ್ಲಿ ನಾವು ಈ ತತ್ತ್ವದ ಭಾಗಕ್ಕೆ ತಲೆದೂಗುತ್ತೇವೆ. ನನಗೆ ಕಾಡುವುದು ಬೇರೆ. ಹೊಲದಿಂದ ಅವನು ಕಾಣೆಯಾದ ಮೇಲೆ ಅಣ್ಣಂದಿರು ಹುಡುಕಿಕೊಂಡು ಹೊರಟರು ಅನ್ನುವ ಒಂದು ಮಾತು ಅಲ್ಲಿ ಬರುವುದಿಲ್ಲ. ಅಷ್ಟು ಮಂದಿ ಒಡಹುಟ್ಟಿದವರು, ಒಬ್ಬನೂ ದೀಪ ಹಿಡಿದು ಗದ್ದೆ ಬದುವಿನವರೆಗೂ ಹೋಗಲಿಲ್ಲ.

ಆದರೆ ಇಲ್ಲೊಂದು ಎಚ್ಚರ. ಈ ಕಥೆ ಹೇಳಿ "ನಿಮ್ಮ ಅಣ್ಣನೂ ಯಾರೋ ಜ್ಞಾನಿ, ಲೋಕ ಬಿಟ್ಟು ಹೋದ" ಅಂತ ಸಮಾಧಾನ ಹೇಳುವವರು ಬರಬಹುದು. ಅದನ್ನೂ ನಂಬಬೇಡಿ. ನಿಮ್ಮ ಅಣ್ಣ ವೈರಾಗ್ಯ ಬಂದು ಹೋದವನಲ್ಲ, ಪಟಾಕಿ ಸದ್ದಿಗೆ ಹೆದರಿ ಹೋದವನು. ಜ್ಞಾನಿ ಅಂತಾದರೆ ಹುಡುಕಬೇಕು, ಅಲ್ಲದಿದ್ದರೆ ಬೇಡ ಅಂತಲೂ ಇಲ್ಲ. ಅವನು ನಿಮ್ಮ ಮನೆಯ ಎಣಿಕೆಗೆ ಬರುತ್ತಾನೆ, ಅಷ್ಟು ಸಾಕು.

ಕರ್ಮದ ಮಾತಿಗೆ ಬರೋಣ. ಕರ್ಮಸಿದ್ಧಾಂತವನ್ನು ನಂಬುವವನು ನಾನು. ಆದರೆ ಅದನ್ನು ಎಲ್ಲಿ ಹೇಳಬೇಕು ಎಲ್ಲಿ ಹೇಳಬಾರದು ಅನ್ನುವುದಕ್ಕೂ ಒಂದು ಮರ್ಯಾದೆ ಇದೆ. ನನಗೆ ಕಷ್ಟ ಬಂದಾಗ "ನನ್ನ ಕರ್ಮ" ಅಂದುಕೊಂಡರೆ ಅದು ಸಮಾಧಾನ. ಪಕ್ಕದ ಮನೆಯವನ ಕಷ್ಟಕ್ಕೆ "ಅವನ ಕರ್ಮ" ಅಂದರೆ ಅದು ಕೈ ತೊಳೆದುಕೊಳ್ಳುವುದು. ಇನ್ನು ಆಟಿಸಂ ವಿಷಯಕ್ಕೆ ಗ್ರಹಣ ನೋಡಿದ್ದು, ಸರ್ಪದೋಷ, ತಾಯಿ ಬಸುರಿಯಲ್ಲಿ ಏನೋ ತಪ್ಪು ಮಾಡಿದ್ದು ಅಂತೆಲ್ಲ ಹೇಳುವವರಿದ್ದಾರೆ. ಜ್ಯೋತಿಷ್ಯ ಹೇಳಿಯೇ ಜೀವನ ಮಾಡಿದವನು ನಾನು, ನಾನೇ ಹೇಳುತ್ತೇನೆ ಕೇಳಿ: ಅದು ಮಿದುಳು ಬೆಳೆಯುವ ರೀತಿಯಲ್ಲಿ ಹುಟ್ಟಿನಿಂದ ಬರುವ ವ್ಯತ್ಯಾಸ, ತಾಯಿಯ ತಪ್ಪಲ್ಲ. ನಿಮ್ಮ ಅಮ್ಮನಿಗೆ ಇದನ್ನು ಓದಿ ಹೇಳಿ. 31 ವರ್ಷದಿಂದ ಯಾರೂ ಹೇಳಿರಲಾರರು.

ನಿಮ್ಮ ಅಪ್ಪ ಅಂದ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. 30 ವರ್ಷ ಮಗನ ಹಿಂದೆ ಓಡಿ, ಬಾಗಿಲಿಗೆ ಚಿಲಕ ಹಾಕಿ, "ನಮ್ಮ ನಂತರ ಇವನನ್ನು ಯಾರು ನೋಡ್ತಾರೆ" ಅಂತ ರಾತ್ರಿ ನಿದ್ದೆಗೆಟ್ಟ ದೇಹ ಆಡಿದ ಮಾತು ಅದು. ದಣಿವು ಮಾತಾಡಿದರೆ ಪಾಪ ಬರುವುದಿಲ್ಲ. ಹೊರೆ ಇಳಿದ ಹಾಗೆ ಒಂದು ಗಳಿಗೆ ಅನಿಸಿದ್ದರೂ ಪಾಪವಲ್ಲ, ಅದು ಮನಸ್ಸಿನ ಸ್ವಭಾವ. ಆ ಮಾತಿನ ಮೇಲೆ ಸಂಕಲ್ಪ ಮಾಡಿ ನೀರು ಬಿಟ್ಟರೆ ಮಾತ್ರ ಪಾಪ. ಅದನ್ನು ತಡೆಯುವ ಶಕ್ತಿ ಈಗ ನಿಮ್ಮ ಕೈಯಲ್ಲಿದೆ.

ಅಣ್ಣನ ಜಾತಕವನ್ನೂ ಪತ್ರದ ಜೊತೆ ಕಳಿಸಿದ್ದೀರಿ. ಇದ್ದಾನೋ ಇಲ್ಲವೋ, ಯಾವ ದಿಕ್ಕು ಅಂತ ಕೇಳಿದ್ದೀರಿ. ನಾನು ಹೇಳುವುದಿಲ್ಲ. ಯಾಕೆ ಅನ್ನುವುದಕ್ಕೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಸುಮಾರು 20 ವರ್ಷದ ಹಿಂದಿನ ಮಾತು. ಒಂದು ಸಂಜೆ ರೈತರ ಮನೆಯವರು ಬಂದರು. ಅವರ ಮಗನೂ ನಿಮ್ಮ ಅಣ್ಣನ ಹಾಗೆಯೇ, 22 ವರ್ಷ, ಮಾತಿಲ್ಲ. ಸಂತೆಯಲ್ಲಿ ಕೈ ತಪ್ಪಿದ್ದ. ಮುಹೂರ್ತ ಚಿಂತಾಮಣಿಯಲ್ಲಿ ಕಳೆದ ವಸ್ತುವಿಗೆ ನಕ್ಷತ್ರ ನೋಡುವ ಕ್ರಮವಿದೆ. 28 ನಕ್ಷತ್ರಗಳನ್ನು ಅಂಧ, ಮಂದಾಕ್ಷ, ಮಧ್ಯಾಕ್ಷ, ಸುಲೋಚನ ಅಂತ ನಾಲ್ಕು ಗುಂಪು ಮಾಡಿದೆ. ಅಂಧ ನಕ್ಷತ್ರದಲ್ಲಿ ಹೋದದ್ದು ಪೂರ್ವದಲ್ಲಿ ಬೇಗ ಸಿಗುತ್ತದೆ, ಸುಲೋಚನದಲ್ಲಿ ಹೋದದ್ದು ಸಿಗುವುದಿಲ್ಲ, ಹೀಗೆ. ಹುಡುಗ ಹೋದ ದಿನ ಪುಷ್ಯ, ಅಂಧ ನಕ್ಷತ್ರ. ನಾನು ಧೈರ್ಯವಾಗಿ "ಪೂರ್ವಕ್ಕೆ ಹೋಗಿ, ಬೇಗ ಸಿಗ್ತಾನೆ" ಅಂದೆ. ಅವರು ಇದ್ದಬದ್ದ ಜನವನ್ನೆಲ್ಲ ಪೂರ್ವಕ್ಕೇ ಕಳಿಸಿದರು. ಐದು ದಿನ ಅಲ್ಲೇ ಹುಡುಕಿದರು. ಹುಡುಗ ಸಿಕ್ಕಿದ್ದು ಒಂಬತ್ತನೇ ದಿನ, ಪಶ್ಚಿಮಕ್ಕೆ 18 ಕಿಲೋಮೀಟರಿನಲ್ಲಿ, ಒಂದು ಹಳ್ಳಿಯ ಮಾರಿಗುಡಿಯ ಜಗಲಿಯಲ್ಲಿ. ಮೂರನೇ ದಿನದಿಂದಲೂ ಅಲ್ಲೇ ಇದ್ದನಂತೆ. ಊರವರು ಅನ್ನ ಹಾಕಿದ್ದರು, ಆದರೆ ಕಾಲಿಗೆ ಗಾಜು ಚುಚ್ಚಿ ಕೀವಾಗಿದ್ದನ್ನು ಯಾರೂ ನೋಡಿರಲಿಲ್ಲ, ಅವನಿಗೆ ಹೇಳಲು ಬರುತ್ತಿರಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು.

ಆಮೇಲೆ ಆ ತಂದೆ ತೆಂಗಿನಕಾಯಿ, ಎಲೆ ಅಡಿಕೆ, ದಕ್ಷಿಣೆ ಹಿಡಿದು ಬಂದ. "ನೀವು ಹೇಳ್ದಂಗೆ ಸಿಕ್ದ ಸ್ವಾಮಿ" ಅಂತ ಕಾಲಿಗೆ ಬಿದ್ದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದಕ್ಷಿಣೆ ತೆಗೆದುಕೊಳ್ಳಲಿಲ್ಲ. ಆದರೆ "ನಾನು ಹೇಳಿದ್ದು ತಪ್ಪಾಗಿತ್ತಪ್ಪ" ಅನ್ನುವ ಮಾತು ಅವತ್ತು ಬಾಯಿಗೆ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಮೇಲೆ ಯೋಚಿಸಿದೆ. ಆ ನಕ್ಷತ್ರದ ಲೆಕ್ಕ ಚೆಂಬು, ತಂಬಿಗೆ, ಚಿನ್ನದ ಸರಕ್ಕೆ ಹೇಳಿದ್ದು. ವಸ್ತು ಇಟ್ಟಲ್ಲಿ ಇರುತ್ತದೆ. ಮನುಷ್ಯ ನಡೆಯುತ್ತಾನೆ, ಹೆದರುತ್ತಾನೆ, ಹಸಿದರೆ ದಾರಿ ಬದಲಿಸುತ್ತಾನೆ. ಅವನನ್ನು ಕಳೆದ ತಂಬಿಗೆಯ ಲೆಕ್ಕದಲ್ಲಿ ನೋಡಿದ್ದೇ ನನ್ನ ತಪ್ಪು. ಆಗಿನಿಂದ ಕಾಣೆಯಾದ ಮನುಷ್ಯರಿಗೆ ನಾನು ದಿಕ್ಕು ಹೇಳಿಲ್ಲ. ಒಂದು ದಿಕ್ಕು ಹೇಳುವುದು ಅಂದರೆ ಮಿಕ್ಕ ಮೂರು ದಿಕ್ಕು ಮುಚ್ಚುವುದು. 60,000 ಕೇಳಿದವರಿಗೆ ನಮಸ್ಕಾರ ಹೇಳಿ ಕಳಿಸಿ. ಆ ದುಡ್ಡು ಹುಡುಕುವುದಕ್ಕೆ ಬೇಕು.

ಹಾಗಾದರೆ ಪೂಜೆ ಪಾರಾಯಣ ಏನೂ ಬೇಡವೇ? ಬೇಕು. ಕಳೆದದ್ದು ಸಿಗಲಿ ಅಂತ ಕಾರ್ತವೀರ್ಯಾರ್ಜುನನ ಜಪ ಮಾಡುವ ರೂಢಿ ಇದೆ, ಮನೆಯಲ್ಲೇ ಮಾಡಿಕೊಳ್ಳಿ, ಖರ್ಚಿಲ್ಲ. ಅದಕ್ಕಿಂತ ಮುಖ್ಯವಾಗಿ ಸುಂದರಕಾಂಡ ಪಾರಾಯಣ ಮಾಡಿ. ಆದರೆ ಮಣೆ ಮೇಲೆ ಕೂತು ಓದಿ ಮುಗಿಸಿ ಮಂಗಳಾರತಿ ಮಾಡಿದರೆ ಸಾಲದು. ಅದು ಕಾಣೆಯಾದವರನ್ನು ಹುಡುಕಿದ ಕಥೆ, ಹುಡುಕುವುದು ಹೇಗೆ ಅಂತ ಅದರಲ್ಲೇ ಇದೆ.

ಮೊದಲನೆಯದು, ಅದಕ್ಕೂ ಹಿಂದೆ ಕಿಷ್ಕಿಂಧಾಕಾಂಡದಲ್ಲಿ ಸುಗ್ರೀವ ಏನು ಮಾಡಿದ ನೋಡಿ. ಸೀತೆಯನ್ನು ರಾವಣ ಹೊತ್ತುಕೊಂಡು ಹೋಗುವುದನ್ನು ಕಂಡವನು ಅವನು, ಅವಳು ಎಸೆದ ಒಡವೆ ಇಟ್ಟುಕೊಂಡವನು. ಆದರೂ ನಾಲ್ಕು ದಿಕ್ಕಿಗೂ ಜನ ಕಳಿಸಿದ. ಒಂದು ತಿಂಗಳ ಗಡುವನ್ನೂ ಹಾಕಿದ.

ಎರಡನೆಯದು, ರಾಮ ಉಂಗುರ ಕೊಟ್ಟ. ಹುಡುಕುವವನ ಕೈಯಲ್ಲಿ ಸಿಕ್ಕವರು ಗುರುತು ಹಿಡಿಯುವ ವಸ್ತು ಒಂದಿರಬೇಕು. ನಿಮ್ಮ ಅಣ್ಣನಿಗೆ ಫೋಟೋ ತೋರಿಸಿ "ಇದು ನೀನೇನಾ" ಅಂದರೆ ಉತ್ತರ ಕೊಡಲಾರ. ಅವನ ಉಂಗುರ ಬೇರೆ. ಅವನು ಒಪ್ಪಿಸುವ ಆ ರೈಲಿನ ಪ್ರಕಟಣೆ ಇದೆಯಲ್ಲ, ಅದೇ ಅವನ ಉಂಗುರ. ಅರ್ಧ ವಾಕ್ಯ ನೀವು ಹೇಳಿ, ಉಳಿದರ್ಧ ಅವನು ಹೇಳಿದರೆ ಅವನೇ. ಇದನ್ನು ಕರಪತ್ರದಲ್ಲಿ ಬರೆಯಿರಿ. "ಬುದ್ಧಿಮಾಂದ್ಯ ಯುವಕ ಕಾಣೆಯಾಗಿದ್ದಾನೆ" ಅಂತ ಒಂದು ಸಾಲು ಹಾಕಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣಿಟ್ಟು ನೋಡುವುದಿಲ್ಲ, ಸದ್ದಾದರೆ ಕಿವಿ ಮುಚ್ಚುತ್ತಾನೆ, ಹೀಗೆ ನಡೆಯುತ್ತಾನೆ, ಇದನ್ನು ಮಾತ್ರ ತಿನ್ನುತ್ತಾನೆ, ಹೀಗೆ ಬರೆಯಿರಿ. ಕನ್ನಡದಲ್ಲಿ ಮಾತ್ರವಲ್ಲ, ಹಿಂದಿ, ಮರಾಠಿ, ತೆಲುಗಿನಲ್ಲೂ ಹಾಕಿಸಿ. ಅರಸೀಕೆರೆ ಜಂಕ್ಷನ್. ಅಲ್ಲಿ ಹತ್ತಿದವನು ಮೈಸೂರಿಗೂ ಹೋಗಬಹುದು, ಹುಬ್ಬಳ್ಳಿ ದಾಟಿ ಮಹಾರಾಷ್ಟ್ರ, ರಾಜಸ್ಥಾನಕ್ಕೂ ಹೋಗಬಹುದು.

ಮೂರನೆಯದು, ಲಂಕೆಯನ್ನೆಲ್ಲ ಹುಡುಕಿ ಸಿಗದೆ ಹನುಮಂತನಿಗೇ ಎದೆ ಒಡೆಯಿತು. ಹಿಂದಿರುಗಿ ಹೋಗಿ ಏನು ಹೇಳಲಿ, ಪ್ರಾಣ ಬಿಡಲೇ ಅನ್ನುವವರೆಗೂ ಯೋಚಿಸಿದ. ಅಂಥವನಿಗೇ ಹಾಗಾದರೆ ನಿಮಗೆ ಆಗುವುದರಲ್ಲಿ ತಪ್ಪೇನು? ಅಲ್ಲಿ ವಾಲ್ಮೀಕಿಗಳು ಅನಿರ್ವೇದ ಅನ್ನುವ ಮಾತು ಬಳಸುತ್ತಾರೆ. ಧೃತಿಗೆಡದೆ ಇರುವುದು ಅಂತ ಅರ್ಥ. ಆಮೇಲೆ ಅವನ ಕಣ್ಣಿಗೆ ಇನ್ನೂ ನೋಡದ ಅಶೋಕವನ ಬಿತ್ತು. ನೀವೂ ನೋಡಿದ ಜಾಗಗಳ ಪಟ್ಟಿ ಬರೆಯಿರಿ, ನೋಡದೆ ಉಳಿದ ಅಶೋಕವನ ಯಾವುದು ಅಂತ ತಾನಾಗಿ ಕಾಣುತ್ತದೆ.

ನನಗೆ ತೋಚುವ ಕೆಲವನ್ನು ಹೇಳುತ್ತೇನೆ. ಮಾತಾಡದ ಮನುಷ್ಯ ಬಹಳ ಕಾಲ ಬದುಕಿರುವುದು ಅನ್ನ ಕೇಳದೆ ಸಿಗುವ ಕಡೆ. ಧರ್ಮಸ್ಥಳ, ಹೊರನಾಡು, ಕಟೀಲು, ಉಡುಪಿ, ಶೃಂಗೇರಿ, ಸಿದ್ಧಗಂಗೆ, ಮಂತ್ರಾಲಯ. ಆಫೀಸಿನಲ್ಲಿ ಕೇಳಬೇಡಿ, ಬಡಿಸುವವರನ್ನು, ಎಲೆ ತೆಗೆಯುವವರನ್ನು ಕೇಳಿ. ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರ, ಜಿಲ್ಲೆ ಜಿಲ್ಲೆಯ ನಿರ್ಗತಿಕರ ಆಶ್ರಮಗಳು, ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ನೋಡಿ. ಆಟಿಸಂ ಮಾನಸಿಕ ರೋಗವಲ್ಲ, 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಅದಕ್ಕೆ ಬೇರೆಯೇ ಹೆಸರಿದೆ. ಆದರೆ ಕಂಡವರಿಗೆ ಅದು ತಿಳಿಯುವುದಿಲ್ಲ, ಹುಚ್ಚು ಅಂತ ತಿಳಿದು ಅಲ್ಲಿ ಸೇರಿಸಿರಬಹುದು. ಅಂಥ ಕಡೆ ಹೊಸ ಹೆಸರು ಇಟ್ಟಿರುತ್ತಾರೆ, ಆದ್ದರಿಂದ ಹೆಸರು ಹೇಳಿ ಕೇಳಿದರೆ "ಇಲ್ಲ" ಅನ್ನುತ್ತಾರೆ. ಮುಖ ನೋಡಬೇಕು. ಅವನಿಗೆ ಆಧಾರ್ ಆಗಿದ್ದರೆ, ಆಶ್ರಮದವರು ಬೆರಳಚ್ಚು ಕೊಡಿಸಿದಾಗ ಮನೆ ಪತ್ತೆಯಾದ ಉದಾಹರಣೆಗಳು ದೇಶದಲ್ಲಿ ಇವೆ, ಅದನ್ನೂ ಅವರಿಗೆ ನೆನಪಿಸಿ. ಪೊಲೀಸರು "ದೊಡ್ಡವನಲ್ಲವಾ, ಬರ್ತಾನೆ" ಅಂದರೆ ಸುಮ್ಮನಾಗಬೇಡಿ, ಅವನಿಗೆ ಆಟಿಸಂ ಇರುವ ಪ್ರಮಾಣಪತ್ರವನ್ನು ದೂರಿನ ಜೊತೆ ಸೇರಿಸಿ. ಮನೆಯವರಿಲ್ಲದೆ ಅಲೆಯುತ್ತಿರುವ ಮಾನಸಿಕ ಅಸ್ವಸ್ಥರು ಕಂಡರೆ ದೂರು ದಾಖಲಿಸಿ ಮನೆಯವರನ್ನು ಹುಡುಕುವುದು ಠಾಣೆಯ ಕರ್ತವ್ಯ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಇನ್ನೊಂದು ಕಡೆಯೂ ನೋಡಬೇಕು, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಇಂಥವರಲ್ಲಿ ಅನೇಕರಿಗೆ ನೀರಿನ ಸೆಳೆತ ಇರುತ್ತದೆ. ಗುರುತು ಸಿಗದ ಶವಗಳ ದಾಖಲೆ ಪೊಲೀಸರಲ್ಲಿ ಇರುತ್ತದೆ, ರೈಲ್ವೆ ಪೊಲೀಸರಲ್ಲಿ ಬೇರೆ ಇರುತ್ತದೆ. ಅದನ್ನು ನೀವು ನೋಡಬೇಡಿ, ಅಮ್ಮ ನೋಡುವುದು ಖಂಡಿತ ಬೇಡ. ದೊಡ್ಡಪ್ಪನವರು ನೋಡಲಿ. ತೀರ್ಮಾನ ಬೇಕು ಅಂದವರು ಅವರು, ತೀರ್ಮಾನಕ್ಕೆ ದಾರಿ ಅದು. ಅಲ್ಲಿ ನಿಶ್ಚಯವಾದರೆ ಆಗ ಕರೆಯಿರಿ, ಕ್ರಮವಾಗಿ ಎಲ್ಲ ಸಂಸ್ಕಾರವನ್ನೂ ನಾನೇ ಬಂದು ಮಾಡಿಸುತ್ತೇನೆ. ನಿಶ್ಚಯವಾಗುವ ತನಕ ಇಲ್ಲ.

ನಾಲ್ಕನೆಯದು, ಸಿಕ್ಕಾಗ ಹೇಗೆ ಹತ್ತಿರ ಹೋಗಬೇಕು ಅನ್ನುವುದು. ಸೀತೆಯನ್ನು ಕಂಡ ಕೂಡಲೇ ಹನುಮಂತ ದುಮುಕಲಿಲ್ಲ. ಮರದ ಮೇಲೆ ಕೂತು ಯೋಚಿಸಿದ. ನಾನು ಪಂಡಿತರ ಸಂಸ್ಕೃತದಲ್ಲಿ ಮಾತಾಡಿದರೆ ರಾವಣ ಅಂತ ಹೆದರುತ್ತಾಳೆ, ಸಾಮಾನ್ಯ ಮನುಷ್ಯರು ಆಡುವ ಮಾತೇ ಆಡಬೇಕು ಅಂದುಕೊಂಡ. ಆಮೇಲೆ ಮೆಲ್ಲಗೆ, ದೂರದಿಂದಲೇ, ಅವಳಿಗೆ ಪ್ರಿಯವಾದ ರಾಮನ ಕಥೆ ಹೇಳತೊಡಗಿದ. ಹುಡುಕಲು ಹೊರಟವರಿಗೆಲ್ಲ ಇದನ್ನು ಓದಿಸಿ. ಕಂಡ ಕೂಡಲೇ ನಾಲ್ಕು ಜನ ಓಡಿ ಹೋಗಿ ಹಿಡಿದರೆ ಅವನು ಮತ್ತೆ ಓಡುತ್ತಾನೆ, ರಸ್ತೆಗೋ ಹಳಿಗೋ ಓಡುತ್ತಾನೆ. ಒಬ್ಬರೇ ಹೋಗಿ, ಮೆಲ್ಲಗೆ ಅವನ ಪ್ರಿಯವಾದ ಮಾತು ಶುರು ಮಾಡಿ, ಅವನೇ ತಿರುಗುವ ತನಕ ಕಾಯಿರಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಹುಡುಕುವುದು ದೈವೇಚ್ಛೆಗೆ ಎದುರು ಹಠವೇ ಅಂತ. ದೈವೇಚ್ಛೆ ಏನೆಂದು ಇನ್ನೂ ನಮಗೆ ತಿಳಿದಿಲ್ಲವಲ್ಲ ತಾಯಿ. ತಿಳಿಯದ ಇಚ್ಛೆಗೆ ನಾವೇ ಒಂದು ಅರ್ಥ ಬರೆದು "ಒಪ್ಪಿಕೊಂಡೆವು" ಅನ್ನುವುದು ಭಕ್ತಿಯಾಗುವುದಿಲ್ಲ. ತಿಳಿದ ದಿನ ಅದು ಏನಾಗಿದ್ದರೂ ಒಪ್ಪಿಕೊಳ್ಳೋಣ. ಅಲ್ಲಿಯವರೆಗೆ ಅವನಿಗೆ ನಾವು ಮಾಡಬಹುದಾದ ಕರ್ಮ ಹುಡುಕುವುದೊಂದೇ.

ಆದರೆ ಹುಡುಕುವುದು ಮನೆಯವರ ಬದುಕನ್ನೆಲ್ಲ ತಿಂದುಹಾಕಬಾರದು. ಅದಕ್ಕೂ ಒಂದು ನಿಯಮ ಇಟ್ಟುಕೊಳ್ಳಿ. ತಿಂಗಳಿಗೊಂದು ದಿನ ಅವನ ಜನ್ಮನಕ್ಷತ್ರ ಬರುತ್ತದೆ. ಆ ದಿನ ಬೆಳಿಗ್ಗೆ ದೇವಸ್ಥಾನದಲ್ಲಿ ಅವನ ಹೆಸರು, ನಕ್ಷತ್ರ, ರಾಶಿ ಹೇಳಿ ಅರ್ಚನೆ ಮಾಡಿಸಿ. ಸಂಕಲ್ಪದಲ್ಲಿ ಕ್ಷೇಮ, ಸ್ಥೈರ್ಯ, ಆಯುರಾರೋಗ್ಯ ಅಂತಲೇ ಹೇಳಿಸಿ. ಅವನ ಹೆಸರು ಬದುಕಿರುವವರ ಸಾಲಿನಲ್ಲಿ ಬರಲಿ. ಪಿತೃಪಕ್ಷದ ತರ್ಪಣದಲ್ಲಿ ಅವನ ಹೆಸರು ಯಾರೂ ಎತ್ತಬಾರದು. ಅರ್ಚನೆ ಮುಗಿಸಿ ಮನೆಗೆ ಬಂದು ಹತ್ತು ಕಡೆಗೆ ಫೋನ್ ಮಾಡಿ, ಒಂದು ಹೊಸ ಜಾಗಕ್ಕೆ ಹೋಗಿ ಬನ್ನಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಈ ಎರಡನೇ ಭಾಗ ಬಿಟ್ಟು ಅರ್ಚನೆ ಮಾತ್ರ ಮಾಡಿಸಿದರೆ ಪೂಜೆ ಅರ್ಧವಾದಂತೆ. ಮಿಕ್ಕ ದಿನ ನಿಮ್ಮ ನಿಮ್ಮ ಕೆಲಸ ಮಾಡಿ, ನಗಬೇಕಾದಾಗ ನಗಿ. ನೀವು ಮದುವೆಯಾಗಿ ಹೋದ ಮೇಲೂ ಆ ಒಂದು ದಿನ ನಿಮ್ಮದಾಗಿರಲಿ, ಅದನ್ನು ಗಂಡಿನ ಮನೆಯವರಿಗೆ ಈಗಲೇ ಹೇಳಿಬಿಡಿ. ಅದಕ್ಕೆ ಒಪ್ಪುವವರಾದರೆ ಒಳ್ಳೆಯ ಸಂಬಂಧ.

ಅಮ್ಮ ಇಡುವ ತಟ್ಟೆಯನ್ನು ತಡೆಯಬೇಡಿ. ಒಂದು ಬದಲಾವಣೆ ಮಾತ್ರ ಮಾಡಿಕೊಳ್ಳಲಿ. ಬಡಿಸಿದ ಅನ್ನ ಬೆಳಿಗ್ಗೆ ಆರಿ ಹೋಗುವುದು ಬೇಡ. ಬಸ್ ಸ್ಟ್ಯಾಂಡಿನಲ್ಲೋ ದೇವಸ್ಥಾನದ ಜಗಲಿಯಲ್ಲೋ ಮಲಗಿರುವ ಒಬ್ಬರಿಗೆ ಅದನ್ನು ಕೊಡಲಿ, ಕೊಡುವಾಗ ಅವರ ಮುಖ ನೋಡಲಿ, ಕಾಲಿಗೆ ಗಾಯವಿದೆಯೇ ನೋಡಲಿ. ಎಲ್ಲೋ ಒಂದು ಊರಿನಲ್ಲಿ ಯಾರೋ ಒಬ್ಬ ತಾಯಿ ನಿಮ್ಮ ಅಣ್ಣನಿಗೂ ಹೀಗೇ ಬಡಿಸುತ್ತಿರಲಿ ಅಂತ ನಾನು ಪ್ರಾರ್ಥಿಸುತ್ತೇನೆ.

ಮಿಕ್ಕ ಓದುಗರಿಗೂ, ಮುಖ್ಯವಾಗಿ ದೇವಸ್ಥಾನಗಳಲ್ಲಿ ಕೆಲಸ ಮಾಡುವ ನನ್ನಂಥ ಅರ್ಚಕರಿಗೂ ಒಂದು ಮಾತು. ಮಂಟಪದಲ್ಲಿ ಮಲಗಿದವರನ್ನು ಬೆಳಿಗ್ಗೆ ನೀರು ಚೆಲ್ಲಿ ಎಬ್ಬಿಸಿ ಓಡಿಸುತ್ತೇವೆ. ನಾನೂ ಮಾಡಿದ್ದೇನೆ. ಅವರಲ್ಲಿ ಒಬ್ಬರನ್ನು ಯಾವುದೋ ಮನೆಯವರು ಹುಡುಕುತ್ತಿರಬಹುದು. ಹೆಸರು ಹೇಳದಿದ್ದರೆ ಸೊಕ್ಕು ಅಂತ ತಿಳಿಯಬೇಡಿ, ಹೇಳಲು ಬಾರದೇ ಇರಬಹುದು. ಓಡಿಸುವ ಮೊದಲು 112ಕ್ಕೆ ಒಂದು ಫೋನ್ ಮಾಡಿ. ಈ ತಾಯಿ ಕಳಿಸಿದ ಫೋಟೋವನ್ನು ಸಂಪಾದಕರಿಗೆ ಕೊಟ್ಟಿದ್ದೇನೆ, ಬೇರೆ ಪುಟದಲ್ಲ ಹಾಕುತ್ತಾರೆ. ಎಲ್ಲರೂ ಒಂದು ಸಲ ಕಣ್ಣಿಟ್ಟು ನೋಡಿ.

ತಾಯಿ, ನಿಮ್ಮ ಲಗ್ನಪತ್ರಿಕೆ ಬರೆಸುವಾಗ ಮನೆಯವರ ಹೆಸರುಗಳ ಸಾಲಿನಲ್ಲಿ ಅಣ್ಣನ ಹೆಸರನ್ನೂ ಬರೆಸಿ. ಯಾರಾದರೂ ಕೇಳಿದರೆ ಊರಿಗೆ ಬಂದಿಲ್ಲ ಅನ್ನಿ. ಮುಹೂರ್ತಕ್ಕೆ ನನಗೂ ಒಂದು ಪತ್ರಿಕೆ ಕಳಿಸಿ. ನಿಮಗೆ ಮಂಗಳವಾಗಲಿ, ಅವನು ಕ್ಷೇಮವಾಗಿ ಮನೆ ಸೇರಲಿ. ಶುಭಮಸ್ತು.